ವಿದೇಶದ ಗ್ರಾಹಕರಿಗೆ ಆಫರ್ ಮೆಸೇಜ್ ಕಳಿಸುವ ಮುನ್ನ: ಏಷ್ಯಾ ದೇಶಗಳ ಸಮ್ಮತಿ ಕಾನೂನು, ಹಂತ ಹಂತವಾಗಿ

ಇಳಕಲ್ ಸೀರೆ, ಮೈಸೂರಿನ ಅಗರಬತ್ತಿ, ಚನ್ನಪಟ್ಟಣದ ಬೊಂಬೆ, ಚಿಕ್ಕಮಗಳೂರಿನ ಕಾಫಿಪುಡಿ ಮಾರುವವರಿಂದ ಹಿಡಿದು ಬೆಂಗಳೂರಿನ ಸ್ಟಾರ್ಟಪ್‌ಗಳವರೆಗೆ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ನಮ್ಮಿಂದ ಒಮ್ಮೆ ಮಾಲು ತರಿಸಿಕೊಂಡವರ ನಂಬರು, ಇಮೇಲ್ ನಮ್ಮಲ್ಲಿದೆ. ಕೆಲವರು ಸಿಂಗಪುರದಲ್ಲಿದ್ದಾರೆ, ಕೆಲವರು ದುಬೈನಲ್ಲಿ, ಇನ್ನು ಕೆಲವರು ಜಪಾನಿನವರು. ದೀಪಾವಳಿ ಆಫರ್ ಕಳಿಸಿದರೆ ತಪ್ಪಾಗುತ್ತದೆಯೇ?”

ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇದಕ್ಕಿಲ್ಲ. ಯುರೋಪಿನ ಮಾಹಿತಿ ರಕ್ಷಣಾ ಕಾನೂನಾದ ಜಿಡಿಪಿಆರ್‌ನಂತೆ ಇಡೀ ಏಷ್ಯಾಕ್ಕೆ ಅನ್ವಯಿಸುವ ಕಾನೂನು ಯಾವುದೂ ಇಲ್ಲ. ಒಂದೊಂದು ದೇಶಕ್ಕೆ ಒಂದೊಂದು ಕಾನೂನು. ಕೆಲವು ದೇಶಗಳಲ್ಲಿ ಮಾಹಿತಿ ರಕ್ಷಣೆಗೆ ಒಂದು, ಪ್ರಚಾರ ಸಂದೇಶಕ್ಕೆ ಇನ್ನೊಂದು. ಮೆಸೇಜ್ ಹುಬ್ಬಳ್ಳಿಯಿಂದ ಹೊರಟರೂ ಅದನ್ನು ಓದುವವರು ಎಲ್ಲಿದ್ದಾರೆ ಎಂಬುದರ ಮೇಲೆ ನಿಯಮ ನಿಲ್ಲುತ್ತದೆ.

“ಅಲ್ಲಿನ ಸರ್ಕಾರ ಇಲ್ಲಿಗೆ ಬಂದು ದಂಡ ಹಾಕುತ್ತದೆಯೇ?” ಎಂದೂ ಕೇಳುತ್ತಾರೆ. ಸಣ್ಣ ವ್ಯಾಪಾರಿಗೆ ಮೊದಲ ಪೆಟ್ಟು ಬೀಳುವುದು ಬೇರೆ ಕಡೆಯಿಂದ. ವಾಟ್ಸ್‌ಆ್ಯಪ್ ನಂಬರು ಬ್ಲಾಕ್ ಆಗುತ್ತದೆ, ಎಸ್‌ಎಂಎಸ್ ತಲುಪುವುದು ನಿಲ್ಲುತ್ತದೆ, ಅಲ್ಲಿ ನಿಮ್ಮ ಮಾಲು ಮಾರುವ ಏಜೆಂಟರಿಗೆ ನೋಟಿಸ್ ಹೋಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಕೊರಿಯರ್ ತಲುಪಲಿ ಎಂದು ನಂಬಿ ನಂಬರು ಕೊಟ್ಟವರ ಮನಸ್ಸು ಮುರಿದರೆ ಅವರು ತಿರುಗಿ ಬರುವುದಿಲ್ಲ.

ಮೊದಲು ಕೆಲವು ಪದಗಳು. ಆಪ್ಟ್-ಇನ್ ಎಂದರೆ ಗ್ರಾಹಕರು ‘ಕಳಿಸಿ’ ಎಂದ ಮೇಲಷ್ಟೇ ಕಳಿಸುವುದು. ಆಪ್ಟ್-ಔಟ್ ಎಂದರೆ ‘ಬೇಡ’ ಎನ್ನುವವರೆಗೆ ಕಳಿಸಬಹುದು, ಎಂದೊಡನೆ ನಿಲ್ಲಿಸಬೇಕು. ಡಿಎನ್‌ಸಿ ಅಥವಾ ಡಿಎನ್‌ಡಿ ಎಂದರೆ ಪ್ರಚಾರ ಬೇಡವೆಂದು ಜನ ತಮ್ಮ ನಂಬರು ನೋಂದಾಯಿಸುವ ಸರ್ಕಾರಿ ಪಟ್ಟಿ. ಸೆಂಡರ್ ಐಡಿ ಅಥವಾ ಹೆಡರ್ ಎಂದರೆ ಎಸ್‌ಎಂಎಸ್ ಬಂದಾಗ ನಂಬರಿನ ಜಾಗದಲ್ಲಿ ಕಾಣುವ ಹೆಸರು.

ಬೇಕಾದ ಸಾಮಗ್ರಿ ಕಡಿಮೆ: ನಿಮ್ಮ ಗ್ರಾಹಕರ ಪಟ್ಟಿ, ಒಂದು ಎಕ್ಸೆಲ್ ಶೀಟ್, ಈವರೆಗೆ ಕಳಿಸಿದ ಮೆಸೇಜ್‌ಗಳ ಮಾದರಿ.

ಹಂತ 1: ಪಟ್ಟಿಯನ್ನು ದೇಶವಾರು ಬೇರ್ಪಡಿಸಿ

ಫೋನ್ ನಂಬರಿನ ಮೊದಲ ಅಂಕಿಗಳನ್ನು ನೋಡಿ. +65 ಸಿಂಗಪುರ, +971 ಯುಎಇ, +966 ಸೌದಿ, +81 ಜಪಾನ್, +82 ದಕ್ಷಿಣ ಕೊರಿಯಾ, +852 ಹಾಂಗ್‌ಕಾಂಗ್, +60 ಮಲೇಷ್ಯಾ, +84 ವಿಯೆಟ್ನಾಂ. ಇಮೇಲ್ ಮಾತ್ರ ಇದ್ದರೆ ಪಾರ್ಸೆಲ್ ಹೋದ ವಿಳಾಸವೇ ಆಧಾರ.

ಇಲ್ಲಿ ಎಡವುವುದು ಹೀಗೆ: ದುಬೈನಲ್ಲಿ ಹತ್ತಾರು ವರ್ಷದಿಂದ ಇರುವ ಮಂಗಳೂರಿನವರು ವಾಟ್ಸ್‌ಆ್ಯಪ್‌ಗೆ ಈಗಲೂ +91 ನಂಬರನ್ನೇ ಇಟ್ಟುಕೊಂಡಿರುತ್ತಾರೆ. ಕೋಡ್ ಒಂದು ದೇಶ ಹೇಳಿ ವಿಳಾಸ ಇನ್ನೊಂದು ದೇಶ ಹೇಳಿದರೆ, ಎರಡರಲ್ಲಿ ಬಿಗಿಯಾದ ನಿಯಮವನ್ನೇ ಪಾಲಿಸಿ.

ಇದೇ ಹೊತ್ತಿಗೆ ನಂಬರು ಎಲ್ಲಿಂದ ಬಂತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ವಿದೇಶದ ಕನ್ನಡ ಸಂಘದ ವಾಟ್ಸ್‌ಆ್ಯಪ್ ಗುಂಪಿನಿಂದ ಎತ್ತಿಕೊಂಡ ನಂಬರುಗಳು ನಿಮ್ಮ ಪಟ್ಟಿಯಲ್ಲಿದ್ದರೆ ಇಂದೇ ತೆಗೆಯಿರಿ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆಂದು ಗುಂಪಿಗೆ ಸೇರಿದವರು ನಿಮ್ಮ ಅಂಗಡಿಗೆ ಒಪ್ಪಿಗೆ ಕೊಟ್ಟಿಲ್ಲ. ನಮ್ಮವರೇ ತಾನೆ ಎಂಬ ಸಲುಗೆಯಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಇದು. ದುಡ್ಡು ಕೊಟ್ಟು ಕೊಂಡ ‘ಡೇಟಾಬೇಸ್’ ಕತೆಯೂ ಇಷ್ಟೇ.

ಹಂತ 2: ಮೆಸೇಜ್‌ಗಳನ್ನು ಎರಡು ರಾಶಿ ಮಾಡಿ

‘ನಿಮ್ಮ ಪಾರ್ಸೆಲ್ ಹೊರಟಿದೆ’, ‘ಹಣ ಬಂತು, ರಸೀದಿ ಇಲ್ಲಿದೆ’ ಇವು ಸೇವಾ ಸಂದೇಶಗಳು. ಗ್ರಾಹಕರು ಕೊಂಡದ್ದಕ್ಕೆ ಸಂಬಂಧಿಸಿದ ಇವುಗಳಿಗೆ ಬೇರೆ ಒಪ್ಪಿಗೆ ಸಾಮಾನ್ಯವಾಗಿ ಬೇಡ. ‘ಹೊಸ ಸ್ಟಾಕ್ ಬಂದಿದೆ’, ‘ಶೇ 20 ರಿಯಾಯಿತಿ’ ಇವು ಪ್ರಚಾರ. ಸೇವಾ ಸಂದೇಶದ ಕೊನೆಗೆ ‘ಜೊತೆಗೆ ಈ ಆಫರ್ ನೋಡಿ’ ಎಂದು ಒಂದು ಸಾಲು ಸೇರಿಸಿದರೂ ಇಡೀ ಮೆಸೇಜ್ ಪ್ರಚಾರದ ರಾಶಿಗೆ ಬೀಳುತ್ತದೆ. ಆ ಆಸೆ ಬಿಡಿ.

ಹಂತ 3: ಮೊದಲು ನಮ್ಮ ದೇಶದ ನಿಯಮ

ಭಾರತದ ನಂಬರುಗಳಿಗೆ ವಾಣಿಜ್ಯ ಎಸ್‌ಎಂಎಸ್ ಕಳಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿ ಇದೆ. ಇದರಡಿ ದೂರವಾಣಿ ಕಂಪನಿಗಳು ನಡೆಸುವ ಡಿಎಲ್‌ಟಿ ವೇದಿಕೆಯಲ್ಲಿ ನಿಮ್ಮ ಸಂಸ್ಥೆಯನ್ನು ನೋಂದಾಯಿಸಬೇಕು. ಡಿಎಲ್‌ಟಿ ಎಂದರೆ ಯಾರು, ಯಾವ ಹೆಸರಿನಲ್ಲಿ, ಯಾವ ಒಕ್ಕಣೆ ಕಳಿಸುತ್ತಾರೆ ಎಂಬುದನ್ನು ತಿದ್ದಲಾಗದಂತೆ ದಾಖಲಿಸುವ ಡಿಜಿಟಲ್ ಲೆಕ್ಕಪುಸ್ತಕ. ಸಂಸ್ಥೆಯ ನಂತರ ಹೆಡರ್, ಆಮೇಲೆ ಮೆಸೇಜಿನ ಟೆಂಪ್ಲೇಟ್ ನೋಂದಣಿ. ಮೆಸೇಜಿನಲ್ಲಿ ಲಿಂಕ್ ಇದ್ದರೆ ಅದನ್ನೂ ಮೊದಲೇ ನೋಂದಾಯಿಸಿರಬೇಕು. 2024ರ ಅಕ್ಟೋಬರ್‌ನಿಂದ ನೋಂದಣಿಯಿಲ್ಲದ ಲಿಂಕ್ ಇರುವ ಮೆಸೇಜ್ ಮುಂದಕ್ಕೆ ಹೋಗುವುದಿಲ್ಲ. 2025ರ ತಿದ್ದುಪಡಿಯಿಂದ ಹೆಡರ್‌ನ ಕೊನೆಗೆ ಪ್ರಚಾರಕ್ಕೆ ‘ಪಿ’, ಸೇವೆಗೆ ‘ಎಸ್’, ವಹಿವಾಟಿಗೆ ‘ಟಿ’, ಸರ್ಕಾರಕ್ಕೆ ‘ಜಿ’ ಅಕ್ಷರ ಇರುತ್ತದೆ. ಬೇಡವೆನ್ನುವ ಗ್ರಾಹಕರು 1909ಕ್ಕೆ ದೂರು ಕೊಡಬಹುದು.

ವಾಟ್ಸ್‌ಆ್ಯಪ್ ಮೆಸೇಜ್ ಡಿಎಲ್‌ಟಿ ಮೂಲಕ ಹೋಗುವುದಿಲ್ಲ. ಹಾಗೆಂದು ಅದು ನಿಯಮದ ಹೊರಗಿಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಸ್ವಂತ ನೀತಿಯೇ ಮೊದಲು ಗ್ರಾಹಕರ ಒಪ್ಪಿಗೆ ಬೇಕೆನ್ನುತ್ತದೆ. ಜನ ಬ್ಲಾಕ್ ಮಾಡುತ್ತ ಹೋದಂತೆ ನಿಮ್ಮ ನಂಬರಿನ ಗುಣಮಟ್ಟದ ಅಂಕ ಕುಸಿಯುತ್ತದೆ.

ಇದರ ಮೇಲಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ಹಿಂದೆ ಕರ್ನಾಟಕದವರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ವ್ಯಾಪಾರಿಗಳ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ. ಅಲ್ಲಿಯವರೆಗೆ ಕಾಯಬೇಡಿ, ಪಟ್ಟಿ ಸರಿಪಡಿಸಲು ಹಿಡಿಯುವ ಕಾಲ ನೀವಂದುಕೊಂಡದ್ದಕ್ಕಿಂತ ಹೆಚ್ಚು.

ಕಾಯ್ದೆ ಕೇಳುವುದಿಷ್ಟು: ಒಪ್ಪಿಗೆ ಸ್ವಂತ ಇಚ್ಛೆಯದಾಗಿರಬೇಕು, ಯಾವುದಕ್ಕೆಂದು ತಿಳಿದು ಕೊಟ್ಟಿರಬೇಕು, ಸ್ಪಷ್ಟ ಕ್ರಿಯೆಯಿಂದ ತೋರಿಸಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಗ್ರಾಹಕರಿಗೆ ಇರಬೇಕು. ಅದರಲ್ಲಿ ಕನ್ನಡವೂ ಸೇರಿದೆ. ಕನ್ನಡದ ಗ್ರಾಹಕರನ್ನು ಇಟ್ಟುಕೊಂಡು ಇಂಗ್ಲಿಷಿನ ನಾಲ್ಕು ಪುಟಕ್ಕೆ ‘ಒಪ್ಪಿದೆ’ ಒತ್ತಿಸುವ ಪದ್ಧತಿಗೆ ಇದು ಕೊನೆ ಹಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 18 ವರ್ಷದೊಳಗಿನವರಾದರೆ ಪೋಷಕರ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕು. ಅವರನ್ನೇ ಗುರಿಯಾಗಿಟ್ಟ ಜಾಹೀರಾತು ನಿಷಿದ್ಧ. ಮಾಹಿತಿಯನ್ನು ಭದ್ರವಾಗಿಡದೆ ಸೋರಿಕೆಯಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಹಂತ 4: ಗ್ರಾಹಕರಿರುವ ದೇಶದ ನಿಯಮ ಓದಿ

ಸಿಂಗಪುರ: ನಮ್ಮವರು ಹೆಚ್ಚು ಎಡವುವ ದೇಶ. ಇಲ್ಲಿ 2012ರ ವೈಯಕ್ತಿಕ ಮಾಹಿತಿ ಕಾಯ್ದೆಯಡಿ 2014ರ ಜನವರಿಯಿಂದ ಡಿಎನ್‌ಸಿ ಪಟ್ಟಿ ನಡೆಯುತ್ತಿದೆ. ಕರೆಗೆ, ಮೆಸೇಜಿಗೆ, ಫ್ಯಾಕ್ಸಿಗೆ ಪ್ರತ್ಯೇಕ ಮೂರು ಪಟ್ಟಿಗಳು. ಕಳಿಸುವ ಮುನ್ನ ನಂಬರು ಅದರಲ್ಲಿದೆಯೇ ಎಂದು ಪರಿಶೀಲಿಸಬೇಕು. ಪರಿಶೀಲನೆಯ ಫಲಿತಾಂಶಕ್ಕೆ 21 ದಿನ ಮಾತ್ರ ಮಾನ್ಯತೆ. ಆಮೇಲೆ ಮತ್ತೆ ನೋಡಬೇಕು. ಫೋನ್ ನಂಬರಿಗೆ ಹೋಗುವ ವಾಟ್ಸ್‌ಆ್ಯಪ್ ಮೆಸೇಜೂ ಈ ನಿಯಮದೊಳಗೇ ಬರುತ್ತದೆ. ಗ್ರಾಹಕರು ಸ್ಪಷ್ಟ ಒಪ್ಪಿಗೆ ಕೊಟ್ಟಿದ್ದು, ಅದನ್ನು ನೀವು ಬರಹದಲ್ಲಿ ಅಥವಾ ಮುಂದೆ ತೆಗೆದು ತೋರಿಸಬಹುದಾದ ಬೇರೆ ರೂಪದಲ್ಲಿ ಇಟ್ಟುಕೊಂಡಿದ್ದರೆ ಪಟ್ಟಿ ನೋಡದೆಯೂ ಕಳಿಸಬಹುದು.

“ಒಮ್ಮೆ ಕೊಂಡಿದ್ದಾರಲ್ಲ?” ಎನ್ನುವವರಿಗೆ: ನಿರಂತರ ಸಂಬಂಧವಿರುವ ಗ್ರಾಹಕರಿಗೆ ಅಲ್ಲಿ ವಿನಾಯಿತಿ ಇದೆ, ಆದರೆ ಒಂದೇ ಒಂದು ಖರೀದಿ ನಿರಂತರ ಸಂಬಂಧ ಆಗುವುದಿಲ್ಲ. ಇನ್ನೂ ಒಂದು. ಹೆಸರಿನ ಸೆಂಡರ್ ಐಡಿಯಿಂದ ಎಸ್‌ಎಂಎಸ್ ಕಳಿಸಬೇಕಾದರೆ 2023ರ ಜನವರಿ 31ರಿಂದ ಅದನ್ನು ಅಲ್ಲಿ ನೋಂದಾಯಿಸಿರಲೇಬೇಕು. ನೋಂದಣಿಯಿಲ್ಲದ ಹೆಸರಿನ ಮೆಸೇಜ್ ‘ವಂಚನೆ ಇರಬಹುದು’ ಎಂಬ ಅರ್ಥದ ಇಂಗ್ಲಿಷ್ ಎಚ್ಚರಿಕೆಯೊಂದಿಗೆ ಫೋನಿಗೆ ಬರುತ್ತದೆ. ದುಡ್ಡು ಕೊಟ್ಟು ಹೆಸರು ಕೆಡಿಸಿಕೊಂಡಂತಾಗುತ್ತದೆ.

ಜಪಾನ್: ಪ್ರಚಾರದ ಇಮೇಲ್ ಮತ್ತು ಎಸ್‌ಎಂಎಸ್‌ಗಾಗಿ 2002ರಲ್ಲೇ ಪ್ರತ್ಯೇಕ ಕಾನೂನು ಬಂತು. 2008ರ ಡಿಸೆಂಬರ್‌ನಿಂದ ಅದು ಆಪ್ಟ್-ಇನ್. ವಿದೇಶದಿಂದ ಜಪಾನಿಗೆ ಬರುವ ಮೇಲ್‌ಗೂ ಅನ್ವಯ. ಒಪ್ಪಿಗೆಯ ದಾಖಲೆ ಇಟ್ಟುಕೊಳ್ಳಬೇಕು. ಮೇಲ್‌ನಲ್ಲಿ ಕಳಿಸುವವರ ಹೆಸರು, ವಿಳಾಸ, ‘ಬೇಡ’ ಎನ್ನುವ ದಾರಿ ಇರಬೇಕು. ಸಂಸ್ಥೆಗೆ ದಂಡ 3 ಕೋಟಿ ಯೆನ್‌ವರೆಗೆ. ವಿನಾಯಿತಿಗಳಲ್ಲಿ ಒಂದು ನಮಗೆ ಉಪಯುಕ್ತ: ಜಪಾನಿನವರು ತಾವಾಗಿ ಇಮೇಲ್ ಇರುವ ವಿಸಿಟಿಂಗ್ ಕಾರ್ಡ್ ಕೊಟ್ಟಿದ್ದರೆ ಅವರಿಗೆ ಬರೆಯಬಹುದು. ಬೆಂಗಳೂರಿನ ವಸ್ತುಪ್ರದರ್ಶನದಲ್ಲಿ ಸಿಕ್ಕ ಕಾರ್ಡಿನ ಹಿಂದೆ ದಿನಾಂಕ, ಜಾಗ ಬರೆದಿಡಿ.

ದಕ್ಷಿಣ ಕೊರಿಯಾ: ಏಷ್ಯಾದಲ್ಲೇ ಅತಿ ಬಿಗಿಯಾದವುಗಳಲ್ಲಿ ಒಂದು, ಆದ್ದರಿಂದಲೇ ಕಲಿಯಲು ಒಳ್ಳೆಯದು. ಮೊದಲೇ ಸ್ಪಷ್ಟ ಒಪ್ಪಿಗೆ ಬೇಕು. ಮೆಸೇಜಿನ ಮೊಟ್ಟಮೊದಲು, ಇಮೇಲ್ ಆದರೆ ವಿಷಯದ ಸಾಲಿನ ಆರಂಭದಲ್ಲಿ, ಕೊರಿಯನ್ ಲಿಪಿಯಲ್ಲಿ ‘ಜಾಹೀರಾತು’ ಎಂಬ ಪದ ಕಂಸದೊಳಗಿರಬೇಕು. ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಕಳಿಸಲು ಮತ್ತೊಂದು ಪ್ರತ್ಯೇಕ ಒಪ್ಪಿಗೆ ಬೇಕು. ಇಮೇಲ್‌ಗೆ ಮಾತ್ರ ಈ ರಾತ್ರಿ ನಿಯಮದಿಂದ ವಿನಾಯಿತಿ. ನಮಗಿಂತ ಅವರ ಗಡಿಯಾರ ಮೂರೂವರೆ ಗಂಟೆ ಮುಂದಿದೆ. ಹಾಗಾಗಿ ನಮ್ಮ ಸಂಜೆ 5.30ಕ್ಕೆ ಅಲ್ಲಿ ರಾತ್ರಿ 9. ನೀವು ಸಂಜೆ ಅಂಗಡಿಯ ಗಡಿಬಿಡಿ ಮುಗಿಸಿ 6 ಗಂಟೆಗೆ ಕಳಿಸಿದರೆ ಅಲ್ಲಿ ನಿಯಮ ಮೀರಿದಂತೆ. ಒಪ್ಪಿಗೆ ಕೊಟ್ಟವರನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ಕೇಳಿ ಖಚಿತಪಡಿಸಿಕೊಳ್ಳಬೇಕು. ‘ಬೇಡ’ ಎಂದವರಿಗೆ, ನಿಲ್ಲಿಸಿದ್ದೇವೆಂದು 14 ದಿನದೊಳಗೆ ತಿಳಿಸಬೇಕು.

ಯುಎಇ ಮತ್ತು ಸೌದಿ: ಯುಎಇಯಲ್ಲಿ ಟೆಲಿಮಾರ್ಕೆಟಿಂಗ್ ಕರೆಗಳಿಗೆ 2024ರ ಆಗಸ್ಟ್‌ನಿಂದ ಹೊಸ ನಿಯಮ. ಅಲ್ಲಿ ಪರವಾನಗಿ ಪಡೆದ ಸಂಸ್ಥೆ ಮೊದಲೇ ಅನುಮತಿ ಪಡೆದು, ಬೆಳಿಗ್ಗೆ 9ರಿಂದ ಸಂಜೆ 6ರೊಳಗೆ ಮಾತ್ರ, ಡಿಎನ್‌ಸಿ ಪಟ್ಟಿ ನೋಡಿ ಕರೆ ಮಾಡಬೇಕು. ಸಂಸ್ಥೆಗೆ ದಂಡ 1.5 ಲಕ್ಷ ದಿರ್ಹಂವರೆಗೆ. ವ್ಯಕ್ತಿಗಳು ತಮ್ಮ ಸ್ವಂತ ಹೆಸರಿನ ಸಿಮ್‌ನಿಂದ ಇಂಥ ಕರೆ ಮಾಡುವುದೇ ನಿಷಿದ್ಧ. ದಂಡ 5,000 ದಿರ್ಹಂನಿಂದ ಶುರು, ಸಂಪರ್ಕವೂ ಕಡಿತವಾಗುತ್ತದೆ. ‘ಶಾರ್ಜಾದಲ್ಲಿ ಭಾವ ಇದ್ದಾರೆ, ಅವರ ಫೋನಿಂದ ನಾಲ್ಕು ಜನಕ್ಕೆ ಹೇಳಿಸೋಣ’ ಎಂಬ ಯೋಚನೆ ಇದ್ದರೆ ದಯವಿಟ್ಟು ಕೈಬಿಡಿ. ತೊಂದರೆಗೆ ಸಿಕ್ಕುವವರು ಅವರು. ಪ್ರಚಾರದ ಎಸ್‌ಎಂಎಸ್‌ನ ಹೆಸರಿನ ಮೊದಲು ಯುಎಇಯಲ್ಲಿ, ಕೊನೆಗೆ ಸೌದಿಯಲ್ಲಿ, ‘ಎಡಿ’ ಎಂಬ ರೋಮನ್ ಅಕ್ಷರಗಳ ಗುರುತು ಇರಬೇಕು. ಸೌದಿಯ ವೈಯಕ್ತಿಕ ಮಾಹಿತಿ ಕಾನೂನು 2024ರ ಸೆಪ್ಟೆಂಬರ್ 14ರಿಂದ ಪೂರ್ಣವಾಗಿ ಜಾರಿಯಲ್ಲಿದೆ. ಪ್ರಚಾರಕ್ಕೆ ಒಪ್ಪಿಗೆ ಬೇಕು.

ಹಾಂಗ್‌ಕಾಂಗ್: ಇಲ್ಲಿನ ನಿಯಮ ಬಿಗಿಯಾದದ್ದಕ್ಕೆ ಒಂದು ಕಾರಣವಿದೆ. ಬಸ್ಸು, ರೈಲಿಗೆ ಬಳಸುವ ಆಕ್ಟೋಪಸ್ ಕಾರ್ಡಿನ ಸಂಸ್ಥೆ ಸುಮಾರು 20 ಲಕ್ಷ ಗ್ರಾಹಕರ ಮಾಹಿತಿಯನ್ನು 4.4 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಮಾರಿದ್ದು 2010ರಲ್ಲಿ ಹೊರಬಂತು. ಜನ ಸಿಡಿದೆದ್ದರು. 2013ರ ಏಪ್ರಿಲ್ 1ರಿಂದ ನೇರ ಪ್ರಚಾರಕ್ಕೆ ಹೊಸ ಅಧ್ಯಾಯವೇ ಕಾನೂನಿಗೆ ಸೇರಿತು. ಯಾವ ಮಾಹಿತಿಯನ್ನು ಯಾವ ಬಗೆಯ ಮಾಲಿನ ಪ್ರಚಾರಕ್ಕೆ ಬಳಸುತ್ತೀರಿ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಮೌನ ಒಪ್ಪಿಗೆಯಲ್ಲ. ಬಾಯಿಮಾತಿನಲ್ಲಿ ಒಪ್ಪಿದರೆ 14 ದಿನದೊಳಗೆ ಬರಹದಲ್ಲಿ ಖಚಿತಪಡಿಸಬೇಕು. ತಪ್ಪಿದರೆ 5 ಲಕ್ಷ ಹಾಂಗ್‌ಕಾಂಗ್ ಡಾಲರ್ ದಂಡ ಮತ್ತು ಮೂರು ವರ್ಷ ಜೈಲಿನವರೆಗೆ; ಲಾಭಕ್ಕಾಗಿ ಮಾಹಿತಿಯನ್ನು ಬೇರೆಯವರಿಗೆ ಕೊಟ್ಟರೆ 10 ಲಕ್ಷ ಮತ್ತು ಐದು ವರ್ಷ.

ವಿಯೆಟ್ನಾಂ: 2020ರ ಸರ್ಕಾರಿ ಆದೇಶವೊಂದು ಎಷ್ಟು ಕಳಿಸಬಹುದು ಎಂಬುದಕ್ಕೇ ಮಿತಿ ಹಾಕಿದೆ. ಒಂದು ನಂಬರಿಗೆ 24 ಗಂಟೆಯಲ್ಲಿ ಹೆಚ್ಚೆಂದರೆ ಮೂರು ಮೆಸೇಜ್, ಒಂದು ಕರೆ. ಮೆಸೇಜಿಗೆ ಬೆಳಿಗ್ಗೆ 7ರಿಂದ ರಾತ್ರಿ 10ರ ಅವಧಿ, ಕರೆಗೆ ಬೆಳಿಗ್ಗೆ 8ರಿಂದ ಸಂಜೆ 5. ಹೊಸ ವೈಯಕ್ತಿಕ ಮಾಹಿತಿ ಕಾನೂನು 2026ರ ಜನವರಿ 1ರಿಂದ ಜಾರಿಗೆ ಬಂದಿದೆ.

ಮಲೇಷ್ಯಾದಲ್ಲಿ ನಿಮ್ಮ ಶಾಖೆ ಅಥವಾ ಏಜೆಂಟರಿದ್ದರೆ ಮಾಹಿತಿಯ ಸೂಚನೆ ಮಲಯ್ ಮತ್ತು ಇಂಗ್ಲಿಷ್ ಎರಡರಲ್ಲೂ ಇರಬೇಕೆಂಬುದನ್ನು ಮರೆಯಬೇಡಿ. ಥಾಯ್ಲೆಂಡಿನ ಕಾನೂನು 2022ರ ಜೂನ್ 1ರಿಂದ ಪೂರ್ಣ ಜಾರಿಯಲ್ಲಿದೆ. ಒಪ್ಪಿಗೆಯ ಕೋರಿಕೆ ಬೇರೆ ಷರತ್ತುಗಳ ನಡುವೆ ಹೂತುಹೋಗಬಾರದು. ಇಂಡೊನೇಷ್ಯಾದ 2022ರ ಕಾನೂನಿನಲ್ಲಿ ದಂಡ ವಾರ್ಷಿಕ ಆದಾಯದ ಶೇ 2ರವರೆಗೆ. ಚೀನಾದ ಗ್ರಾಹಕರನ್ನು ನೇರವಾಗಿ ಗುರಿಯಿಟ್ಟು ಮಾರುವುದಾದರೆ ಅಲ್ಲೇ ಪ್ರತಿನಿಧಿಯನ್ನು ನೇಮಿಸಬೇಕಾಗುತ್ತದೆ. ಅದನ್ನು ವಕೀಲರಿಲ್ಲದೆ ಮಾಡಬೇಡಿ.

ಹಂತ 5: ಒಪ್ಪಿಗೆ ಕೇಳುವ ವಾಕ್ಯ ಬರೆಯಿರಿ

ಇಷ್ಟೆಲ್ಲ ದೇಶಕ್ಕೆ ಬೇರೆ ಬೇರೆ ಫಾರಂ ಮಾಡಿಕೊಂಡರೆ ಸಣ್ಣ ವ್ಯಾಪಾರಿ ಕೆಲಸ ಬಿಟ್ಟು ಅದನ್ನೇ ನೋಡುತ್ತಿರಬೇಕು. ನನ್ನ ಸಲಹೆ: ಬಿಗಿಯಾದ ದೇಶಕ್ಕೆ ಹೊಂದುವ ವಾಕ್ಯವನ್ನು ಎಲ್ಲರಿಗೂ ಬಳಸಿ. ಹೀಗಿರಲಿ:

“ಹೊಸ ಸೀರೆ ಮತ್ತು ರಿಯಾಯಿತಿಯ ಸುದ್ದಿಯನ್ನು (ಅಂಗಡಿಯ ಹೆಸರು) ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದು. ತಿಂಗಳಿಗೆ ಎರಡಕ್ಕಿಂತ ಹೆಚ್ಚಿಲ್ಲ. ಬೇಡವೆನಿಸಿದಾಗ ‘ನಿಲ್ಲಿಸಿ’ ಎಂದು ಉತ್ತರಿಸಿದರೆ ಸಾಕು.”

ಯಾರು, ಏನು, ಯಾವುದರಲ್ಲಿ, ಎಷ್ಟು, ನಿಲ್ಲಿಸುವುದು ಹೇಗೆ ಎಲ್ಲವೂ ಇದರಲ್ಲಿದೆ. ಇಮೇಲ್‌ಗೆ, ಎಸ್‌ಎಂಎಸ್‌ಗೆ ಬೇರೆ ಬೇರೆ ಚೌಕ ಕೊಡಿ. ಚೌಕದಲ್ಲಿ ಮೊದಲೇ ಟಿಕ್ ಹಾಕಿಡಬೇಡಿ. ‘ಒಪ್ಪದಿದ್ದರೆ ಆರ್ಡರ್ ಆಗುವುದಿಲ್ಲ’ ಎಂಬ ಕಟ್ಟು ಹಾಕಬೇಡಿ. ಗ್ರಾಹಕರು ಕನ್ನಡಿಗರಲ್ಲದಿದ್ದರೆ ಅವರ ಭಾಷೆಯಲ್ಲಿ ಕೊಡಿ, ಮತ್ತು ಆ ಭಾಷೆ ಬಲ್ಲವರಿಂದ ಒಮ್ಮೆ ಓದಿಸಿ.

ಹಂತ 6: ಪುರಾವೆ ಇಡಿ

ಒಪ್ಪಿಗೆ ಇದ್ದೂ ತೋರಿಸಲು ಆಗದಿದ್ದರೆ ದೂರು ಬಂದಾಗ ಅದು ಇಲ್ಲದಂತೆಯೇ. ಎಕ್ಸೆಲ್‌ನಲ್ಲಿ ಈ ಕಲಂಗಳು ಸಾಕು: ಹೆಸರು, ನಂಬರು ಅಥವಾ ಇಮೇಲ್, ದೇಶ, ಒಪ್ಪಿಗೆಯ ದಿನಾಂಕ ಮತ್ತು ಸಮಯ, ಎಲ್ಲಿ ಕೊಟ್ಟರು, ಆಗ ತೋರಿಸಿದ ವಾಕ್ಯ ಯಾವುದು, ಯಾವ ಮಾಧ್ಯಮಕ್ಕೆ, ನಿಲ್ಲಿಸಿದ ದಿನಾಂಕ. ವಾಕ್ಯ ಬದಲಾಯಿಸಿದಾಗೆಲ್ಲ ಹಳೆಯದನ್ನು ಅಳಿಸದೆ ಹೊಸದಕ್ಕೆ ಬೇರೆ ಸಂಖ್ಯೆ ಕೊಡಿ. ಶೀಟಿಗೆ ಪಾಸ್‌ವರ್ಡ್ ಇರಲಿ. ಅಂಗಡಿಯ ಎಲ್ಲರ ಫೋನಿನಲ್ಲೂ ಅದರ ಪ್ರತಿ ಬೇಡ.

ಹಂತ 7: ಹಳೆಯ ಪಟ್ಟಿಯನ್ನು ಸರಿಪಡಿಸಿ

“ಇನ್ನು ಮುಂದೆ ಸರಿ, ಆದರೆ ಇರುವ ನಂಬರುಗಳ ಗತಿ?” ಎಂದು ಕೇಳುವಿರಿ. ಎಲ್ಲರಿಗೂ ‘ಆಫರ್ ಕಳಿಸಬಹುದೇ?’ ಎಂದು ಒಟ್ಟಿಗೆ ಮೆಸೇಜ್ ಹಾಕುವುದೇ ಮೊದಲು ಹೊಳೆಯುವ ದಾರಿ. ಎಚ್ಚರ: ಆ ಮೆಸೇಜೇ ಪ್ರಚಾರ ಎನಿಸಿಕೊಳ್ಳಬಹುದು. ಅದರ ಬದಲು ಮುಂದಿನ ಪಾರ್ಸೆಲ್ ಒಳಗೆ ಒಂದು ಚೀಟಿ ಇಡಿ. ಅದರ ಮೇಲೆ ಕ್ಯೂಆರ್ ಕೋಡ್, ಹಂತ 5ರ ವಾಕ್ಯ. ಆಸಕ್ತಿ ಇದ್ದವರು ತಾವೇ ಸ್ಕ್ಯಾನ್ ಮಾಡುತ್ತಾರೆ, ದಿನಾಂಕ ಸಮಯ ತಾನಾಗಿ ದಾಖಲಾಗುತ್ತದೆ. ಪಟ್ಟಿ ಚಿಕ್ಕದಾಗುತ್ತದೆ, ನಿಜ. ಉಳಿಯುವವರು ಮಾತ್ರ ನಿಮ್ಮ ಮೆಸೇಜನ್ನು ಬಯಸಿ ತೆರೆಯುವವರು.

ಹಂತ 8: ‘ಬೇಡ’ ಎಂದವರನ್ನು ನೆನಪಿಡಿ

ಹಾಂಗ್‌ಕಾಂಗ್‌ನಲ್ಲಿ ನಿಲ್ಲಿಸಲು ಹತ್ತು ಕೆಲಸದ ದಿನಗಳ ಕಾಲಾವಕಾಶವಿದೆ, ಇಂಡೊನೇಷ್ಯಾದಲ್ಲಿ ಮೂರೇ ದಿನ. ನೀವು ಅದೇ ದಿನ ನಿಲ್ಲಿಸಿ. ನಂಬರನ್ನು ಪೂರ್ತಿ ಅಳಿಸುವುದು ಇಲ್ಲಿ ಸಾಮಾನ್ಯ ತಪ್ಪು. ಆರು ತಿಂಗಳ ನಂತರ ಹಳೆಯ ಬಿಲ್ಲುಗಳಿಂದ ಪಟ್ಟಿ ಮತ್ತೆ ತುಂಬುವಾಗ ಅದೇ ನಂಬರು ಒಳಗೆ ಬರುತ್ತದೆ, ಮೆಸೇಜ್ ಮತ್ತೆ ಹೋಗುತ್ತದೆ. ‘ಕಳಿಸಬಾರದು’ ಎಂಬ ಪ್ರತ್ಯೇಕ ಹಾಳೆ ಮಾಡಿ, ಪ್ರತಿ ಸಲ ಕಳಿಸುವ ಮುನ್ನ ಅದರೊಂದಿಗೆ ತಾಳೆ ನೋಡಿ. ಆ ಹಾಳೆಯಲ್ಲಿ ನಂಬರು ಮತ್ತು ದಿನಾಂಕ ಬಿಟ್ಟು ಬೇರೇನೂ ಬೇಡ.

ಹಂತ 9: ಏಜೆನ್ಸಿಗೆ ಕೊಡುವುದಾದರೆ

ಬಲ್ಕ್ ಮೆಸೇಜ್ ಕಂಪನಿಗೆ ಕೆಲಸ ಒಪ್ಪಿಸುವ ಮುನ್ನ ಇಷ್ಟು ಕೇಳಿ: ನನ್ನ ಪಟ್ಟಿಯನ್ನು ಬೇರೆ ಗಿರಾಕಿಗಳಿಗೆ ಬಳಸುವುದಿಲ್ಲವೆಂದು ಬರೆದುಕೊಡುತ್ತೀರಾ? ಸಿಂಗಪುರದ ಡಿಎನ್‌ಸಿ ಪರಿಶೀಲನೆ ಯಾರ ಹೊಣೆ, ಅದರ ವರದಿ ನನಗೆ ಸಿಗುತ್ತದೆಯೇ? ‘ನಿಲ್ಲಿಸಿ’ ಎಂಬ ಉತ್ತರ ನನಗೆ ಎಷ್ಟು ಹೊತ್ತಿನಲ್ಲಿ ತಲುಪುತ್ತದೆ? ಒಪ್ಪಂದ ಮುಗಿದ ಮೇಲೆ ಪಟ್ಟಿ ಅಳಿಸುತ್ತೀರಾ? ‘ನಮ್ಮಲ್ಲೇ ಐದು ಲಕ್ಷ ನಂಬರಿದೆ, ನಿಮ್ಮ ಪಟ್ಟಿ ಬೇಡ’ ಎನ್ನುವವರನ್ನು ಅಲ್ಲಿಗೇ ಬಿಡಿ. ನಮ್ಮ ಕಾಯ್ದೆಯ ಪ್ರಕಾರ, ಏಜೆನ್ಸಿಯೊಂದಿಗಿನ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಗ್ರಾಹಕರಿಗೆ ಉತ್ತರ ಹೇಳಬೇಕಾದವರು ನೀವೇ.